ಆ ಕೊನೆಯ ಗುಂಡಿ ಬಿಟ್ಟುಬಿಡಿ

ನಾನು ಕೋಟು ಹೊಲಿಯಲು ಶುರು ಮಾಡಿ ಆಗಿನ್ನೂ ಮೂರು ವರ್ಷ. ಎರಡು ಗುಂಡಿಯ ಒಂದು ಬೂದು ಕೋಟು ವಾಪಸ್ ಬಂತು. "ಸೊಂಟದ ಹತ್ತಿರ ಎಳೆಯುತ್ತಿದೆ" ಅಂದರು ಹೊಲಿಸಿದವರು. ನಾನು ಹಿಂದೆಮುಂದೆ ನೋಡದೆ ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಅರ್ಧರ್ಧ ಇಂಚು ಸಡಿಲ ಮಾಡಿ ಕೊಟ್ಟೆ. ವಾರದೊಳಗೆ ಮತ್ತೆ ಬಂದರು. ಎಳೆತ ಹಾಗೇ ಇತ್ತು, ಜೊತೆಗೆ ಕೋಟಿನ ನಡುವಿನ ಆಕಾರವೂ ಹೋಗಿತ್ತು. "ಒಮ್ಮೆ ಹಾಕಿಕೊಂಡು ತೋರಿಸಿ" ಅಂದೆ. ಮೊದಲ ಸಲವೇ ಕೇಳಬೇಕಿದ್ದ ಮಾತು ಅದು. ಅವರು ಮೇಲಿನ ಗುಂಡಿ ಹಾಕಿದರು, ಕೆಳಗಿನದನ್ನೂ ಹಾಕಿದರು, ನೆಟ್ಟಗೆ ನಿಂತರು. ಕೆಳಗಿನದನ್ನು ನಾನೇ ಕೈ ಹಾಕಿ ಬಿಚ್ಚಿದೆ. ಬಟ್ಟೆ ಉಸಿರು ಬಿಟ್ಟ ಹಾಗೆ ಇಳಿದು ಕೂತಿತು. ಪಕ್ಕದ ಹೊಲಿಗೆಯನ್ನು ಮತ್ತೆ ಒಳಕ್ಕೆ ತಂದು, ಕೂಲಿ ತೆಗೆದುಕೊಳ್ಳದೆ ಕಳಿಸಿದೆ.

ಹಾಗಾಗಿ ಗುಂಡಿಯ ವಿಷಯ ಬಂದಾಗ ನಾನು ಮರ್ಯಾದೆಯ ಪಾಠ ಹೇಳುವುದಿಲ್ಲ, ಕಟಿಂಗ್ ಬಗ್ಗೆ ಹೇಳುತ್ತೇನೆ. ಸಾಮಾನ್ಯ ಸೂಟಿನ ಕೋಟು ತೆಗೆದುಕೊಳ್ಳಿ, ಅಂದರೆ ಮುಂದೆ ಒಂದೇ ಸಾಲು ಗುಂಡಿ ಇರುವ ಸಿಂಗಲ್ ಬ್ರೆಸ್ಟ್. ಸೊಂಟದ ಹತ್ತಿರದ ಗುಂಡಿಯಿಂದ ಕೆಳಗೆ ಅದರ ಎರಡು ಅಂಚುಗಳೂ ಬಾಗಿ ದೂರ ಸರಿಯುತ್ತವೆ. ಹಾಗೆಯೇ ಕತ್ತರಿಸಿರುತ್ತೇವೆ. ಕೊನೆಯ ಗುಂಡಿ ಕೂತಿರುವುದು ಆ ಬಾಗು ಶುರುವಾದ ಮೇಲೆ. ದೂರ ಹೋಗುತ್ತಿರುವ ಅಂಚುಗಳನ್ನು ಹಿಡಿದು ತಂದು ಕಟ್ಟಿದರೆ ಬಟ್ಟೆ ಸುಮ್ನೆ ಇರುತ್ತದಾ? ಸೊಂಟದ ಎರಡೂ ಕಡೆಯಿಂದ ಓರೆ ಸುಕ್ಕುಗಳು ಗುಂಡಿಯ ಕಡೆಗೆ ಓಡಿಬರುತ್ತವೆ.

ಇದರ ಹಿಂದೆ ಒಂದು ಕತೆ ಓಡಾಡುತ್ತದೆ. ಇಂಗ್ಲೆಂಡಿನ ಏಳನೆಯ ಎಡ್ವರ್ಡ್, 1901ರಿಂದ 1910ರವರೆಗೆ ರಾಜನಾಗಿದ್ದವನು, ಹೊಟ್ಟೆ ದೊಡ್ಡದಾಗಿ ವೇಸ್ಟ್‌ಕೋಟಿನ, ಅಂದರೆ ಕೋಟಿನ ಒಳಗೆ ಹಾಕುವ ತೋಳಿಲ್ಲದ ಅಂಗಿಯ, ಕೊನೆಯ ಗುಂಡಿ ಬಿಟ್ಟನಂತೆ. ಆಸ್ಥಾನದವರೆಲ್ಲ ಅದನ್ನೇ ನಕಲು ಮಾಡಿದರಂತೆ. ಇನ್ನೊಂದು ಕತೆ ಕುದುರೆ ಸವಾರಿಯದು, ಜೀನಿನ ಮೇಲೆ ಕೂತಾಗ ಗುಂಡಿ ಅಡ್ಡ ಬರುತ್ತಿತ್ತು ಅಂತ. ಹೊಟ್ಟೆಯ ಕತೆಯೇ ಜಾಸ್ತಿ ಹಬ್ಬಿದೆ, ಹಬ್ಬುವಂಥದ್ದೇ ಅಲ್ವಾ? ಮೂಲ ಯಾವುದೇ ಇರಲಿ, ಈಗ ಕೋಟು ಕತ್ತರಿಸುವಾಗಲೇ ಆ ಗುಂಡಿ ತೆರೆದಿರುತ್ತದೆ ಎಂದೇ ಲೆಕ್ಕ ಹಾಕುತ್ತೇವೆ.

ಇನ್ನು ಎಣಿಕೆ. ಒಂದೇ ಗುಂಡಿ ಇದ್ದರೆ ನಿಂತಾಗ ಅದನ್ನು ಹಾಕಿ. ಎರಡಿದ್ದರೆ ಮೇಲಿನದು ಮಾತ್ರ. ಮೂರಿದ್ದರೆ ನಡುವಿನದು ಯಾವಾಗಲೂ, ಮೇಲಿನದು ಮನಸ್ಸಾದರೆ, ಕೆಳಗಿನದು ಯಾವತ್ತೂ ಬೇಡ.

ಮೂರು ಗುಂಡಿಯಲ್ಲೇ ಒಂದು ಬಗೆಯಿದೆ. ಅದರ ಲ್ಯಾಪೆಲ್, ಅಂದರೆ ಕಾಲರಿನಿಂದ ಎದೆಯ ಮೇಲೆ ಮಡಿಚಿ ಇಳಿಯುವ ಅಂಚು, ಮೇಲಿನ ಗುಂಡಿಯನ್ನು ದಾಟಿ ನಡುವಿನದರವರೆಗೂ ಮೆಲ್ಲಗೆ ಉರುಳಿಕೊಂಡು ಬರುತ್ತದೆ. ಮೇಲಿನ ಕಾಜಾ ಲ್ಯಾಪೆಲ್ಲಿನ ಮಡಿಕೆಯಲ್ಲಿ ಸಿಕ್ಕಿ, ಹಿಂಬದಿಯೇ ಹೊರಗೆ ಕಾಣುತ್ತದೆ. ಅದು ಹೊಲಿಗೆಯ ತಪ್ಪಲ್ಲ, ಬೇಕೆಂದೇ ಮಾಡಿದ್ದು. ಅಲ್ಲಿ ನಡುವಿನದು ಮಾತ್ರ ಹಾಕುವುದು. ಮೇಲಿನದನ್ನು ಹಾಕಿದರೆ ಲ್ಯಾಪೆಲ್ ಮಧ್ಯದಲ್ಲಿ ಮುರಿದ ಹಾಗೆ ಕಾಣುತ್ತದೆ. ಇಂಥ ಕೋಟನ್ನು ಇಸ್ತ್ರಿಗೆ ಕೊಟ್ಟರೆ ನನಗೆ ಭಯ. ಲ್ಯಾಪೆಲ್ಲನ್ನು ಚಪ್ಪಟೆಯಾಗಿ ಒತ್ತಿ ಕಾಗದದ ಮಡಿಕೆಯ ಹಾಗೆ ಗೆರೆ ತೆಗೆದುಬಿಡುತ್ತಾರೆ. ಗಂಟೆಗಟ್ಟಲೆ ಕೂತು ಕೈಯಲ್ಲಿ ಹಾಕಿದ ಹೊಲಿಗೆಯ ಉರುಳು ಎರಡು ನಿಮಿಷದಲ್ಲಿ ಹೋಗುತ್ತದೆ. ಲ್ಯಾಪೆಲ್ಲಿನ ಮೇಲ್ಭಾಗಕ್ಕೆ ಮಾತ್ರ ಇಸ್ತ್ರಿ ಇಡಲು ಹೇಳಿ, ಗುಂಡಿಯ ಹತ್ತಿರ ಆವಿ ಸಾಕು.

ಕೂರುವ ಮುಂಚೆ ಬಿಚ್ಚಿ, ಎದ್ದ ಮೇಲೆ ಹಾಕಿ. ಕೂತಾಗ ಹೊಟ್ಟೆ ಅಗಲವಾಗುತ್ತದೆ, ಗುಂಡಿಯ ದಾರಕ್ಕೆ ಭಾರ ಬೀಳುತ್ತದೆ, ಹಿಂದೆ ಕಾಲರ್ ಕುತ್ತಿಗೆಯಿಂದ ಎದ್ದು ನಿಲ್ಲುತ್ತದೆ. ಕೆಳಗೆ ನೋಡದೆ ಒಂದೇ ಕೈಯಲ್ಲಿ ಬಿಚ್ಚುವುದನ್ನು ಮನೆಯಲ್ಲಿ ಹತ್ತು ಸಲ ಅಭ್ಯಾಸ ಮಾಡಿ. ತಡಕಾಡುತ್ತಾ ಕೂರುವವರೇ ಜಾಸ್ತಿ.

ಸರಿಯಾದ ಗುಂಡಿ ಹಾಕಿಯೂ ಸುಕ್ಕು ಬಂದರೆ ಕನ್ನಡಿಯ ಮುಂದೆ ಕೈ ಇಳಿಬಿಟ್ಟು ನಿಲ್ಲಿ. ಗುಂಡಿಯಿಂದ ನಾಲ್ಕು ಕಡೆಗೆ ಗುಣಾಕಾರದ ಗುರುತಿನ ಹಾಗೆ ಗೆರೆಗಳು ಎದ್ದಿದ್ದರೆ ಕೋಟು ಬಿಗಿ. ಗುಂಡಿಯ ಸುತ್ತ ಮಾತ್ರ ಬಟ್ಟೆ ಕುಳಿ ಬಿದ್ದಿದ್ದರೆ ಕೋಟಿನ ತಪ್ಪಲ್ಲ, ಗುಂಡಿ ಹೊಲಿದದ್ದರ ತಪ್ಪು. ಗುಂಡಿಗೂ ಬಟ್ಟೆಗೂ ನಡುವೆ ದಾರ ಸುತ್ತಿದ ಪುಟ್ಟ ಕುತ್ತಿಗೆ ಇರಬೇಕು, ಕಾಜಾ ಇರುವ ಬಟ್ಟೆಯ ದಪ್ಪದಷ್ಟು. ನಡುವೆ ಒಂದು ಬೆಂಕಿಕಡ್ಡಿ ಇಟ್ಟು ಹೊಲಿದು, ಕಡ್ಡಿ ತೆಗೆದು, ದಾರ ಸುತ್ತಿದರೆ ಆಯಿತು. ಇದಕ್ಕೆ ದರ್ಜಿ ಬೇಕಿಲ್ಲ.

ವೇಸ್ಟ್‌ಕೋಟಿನಲ್ಲೂ ಕೊನೆಯ ಗುಂಡಿ ಬಿಡುವುದೇ ರೂಢಿ. 1666ರಲ್ಲಿ ಇಂಗ್ಲೆಂಡಿನ ರಾಜ ಎರಡನೆಯ ಚಾರ್ಲ್ಸ್ ತನ್ನ ಆಸ್ಥಾನಕ್ಕೆ ಉದ್ದನೆಯ ವೆಸ್ಟ್ ತಂದ. ಆಮೇಲೆ ಅದು ಕುಗ್ಗುತ್ತಾ ಕುಗ್ಗುತ್ತಾ ಸೊಂಟಕ್ಕೆ ಬಂದು ನಿಂತಿತು. ಈಗಿನದಕ್ಕೆ ಸಾಮಾನ್ಯವಾಗಿ ಐದು ಅಥವಾ ಆರು ಗುಂಡಿ. ಕೆಲವು ಆರು ಗುಂಡಿಯವುಗಳಲ್ಲಿ ಆರನೆಯದು ಬಾಗಿನ ಮೇಲೇ ಕೂತಿರುತ್ತದೆ, ಹಾಕಲು ಹೋದರೂ ಕಾಜಾ ಮುಟ್ಟುವುದಿಲ್ಲ. ಎರಡು ಸಾಲು ಗುಂಡಿಯ ವೇಸ್ಟ್‌ಕೋಟಿಗೆ ಈ ನಿಯಮ ಇಲ್ಲ, ಹಾಕಲು ಆಗುವ ಗುಂಡಿಯನ್ನೆಲ್ಲ ಹಾಕಿ. ರಾತ್ರಿಯ ಔತಣಕ್ಕೆ ಬಿಳಿ ಬೋ ಟೈ ಜೊತೆ ಹಾಕುವ ಬಿಳಿ ವೇಸ್ಟ್‌ಕೋಟಿಗೂ ಹಾಗೆಯೇ.

ಆದರೆ ಗುಂಡಿಗಿಂತ ನನ್ನ ಕಣ್ಣು ಹೋಗುವುದು ಅದರ ಕೆಳಗೆ. ವೇಸ್ಟ್‌ಕೋಟ್ ಮುಗಿದು ಪ್ಯಾಂಟ್ ಶುರುವಾಗುವ ಮುಂಚೆ ನಡುವೆ ತ್ರಿಕೋನದಂತೆ ಶರ್ಟು ಇಣುಕುತ್ತಿರುತ್ತದೆ. ಅದನ್ನು ಮುಚ್ಚಲು ಕೊನೆಯ ಗುಂಡಿ ಹಾಕಿಬಿಡುತ್ತಾರೆ, ಆಗ ಇಣುಕುವುದರ ಜೊತೆಗೆ ಸುಕ್ಕೂ ಸೇರುತ್ತದೆ. ಮದ್ದು ಬೇರೆ ಇದೆ. ಪ್ಯಾಂಟು ಹೊಕ್ಕುಳಿನ ಹತ್ತಿರಕ್ಕೆ ಏರುವಂತಿರಬೇಕು, ಬೆಲ್ಟ್ ಬದಲು ಹೆಗಲ ಮೇಲಿಂದ ಬರುವ ಸಸ್ಪೆಂಡರ್ ಇರಬೇಕು. ಬೆಲ್ಟಿನ ಬಕಲ್ ವೇಸ್ಟ್‌ಕೋಟಿನ ಕೆಳಗೆ ಗಂಟಿನ ಹಾಗೆ ಉಬ್ಬುತ್ತದೆ. ಬೆನ್ನಿನ ಪಟ್ಟಿಯನ್ನು ಬಟ್ಟೆ ಮೈಗೆ ತಾಗುವಷ್ಟು ಎಳೆದರೆ ಸಾಕು. ವೇಸ್ಟ್‌ಕೋಟ್ ಇದ್ದಾಗ ಮೇಲಿನ ಸಿಂಗಲ್ ಬ್ರೆಸ್ಟ್ ಕೋಟನ್ನು ತೆರೆದೇ ಬಿಡಬಹುದು, ಒಳಗೆ ಅಚ್ಚುಕಟ್ಟಾಗಿಯೇ ಇರುತ್ತದಲ್ಲ.

ಮುಂದೆ ಎರಡು ಸಾಲು ಗುಂಡಿ ಇರುವ ಡಬಲ್ ಬ್ರೆಸ್ಟ್ ಕೋಟಿನ ಸ್ವಭಾವವೇ ಬೇರೆ. ನಿಂತರೂ ಕೂತರೂ ಅದು ಮುಚ್ಚಿರಬೇಕು. ತೆರೆದು ಬಿಟ್ಟರೆ ಒಂದು ಕಡೆ ರಾಶಿ ಬಟ್ಟೆ ತೂಗಾಡುತ್ತದೆ. ಮೊದಲು ಒಳಗಿನ ಗುಂಡಿ ಹುಡುಕಿ ಹಾಕಿ, ಅದೇ ಒಳಪದರವನ್ನು ಹಿಡಿಯುವುದು. ಅದು ಇದೆ ಅಂತಲೇ ಗೊತ್ತಿಲ್ಲದೆ ವರ್ಷಗಟ್ಟಲೆ ಕೋಟು ಹಾಕಿದವರನ್ನು ನೋಡಿದ್ದೇನೆ. ಆಮೇಲೆ ಹೊರಗೆ. ಆರು ಗುಂಡಿಯ ಮಾಮೂಲಿ ಕೋಟಿನಲ್ಲಿ ಮೇಲಿನ ಎರಡು ಬರೀ ಅಲಂಕಾರ. ಅದರ ಕೆಳಗೆ ಕಾಜಾ ಇರುವ ಎರಡರಲ್ಲಿ ಮೇಲಿನದನ್ನು ಹಾಕಿ, ಕೆಳಗಿನದನ್ನು ಬಿಡಿ. ಕೆಂಟ್‌ನ ಡ್ಯೂಕ್ ಆಗಿದ್ದ ರಾಜಕುಮಾರ ಜಾರ್ಜ್ (1902–1942) ಇದನ್ನು ತಿರುಗಿಸಿ ಕೆಳಗಿನದನ್ನು ಮಾತ್ರ ಹಾಕುತ್ತಿದ್ದ. ಆಗ ಲ್ಯಾಪೆಲ್ ಗೆರೆ ಉದ್ದವಾಗಿ ಇಳಿಯುತ್ತದೆ. ಗಿಡ್ಡ ಇರುವವರಿಗೆ ನನಗೆ ಇದೇ ಇಷ್ಟ, ಆದರೆ ಲ್ಯಾಪೆಲ್ ಅಷ್ಟು ಕೆಳಗೆ ಉರುಳುವಂತೆ ಹೊಲಿದಿದ್ದರೆ ಮಾತ್ರ.

ಹಿಂದೆ ಬಾಲದಂತೆ ಇಳಿಬಿದ್ದ ಟೇಲ್‌ಕೋಟಿನ ಮುಂದೆ ಗುಂಡಿಗಳಿದ್ದರೂ ಅವು ಒಂದಕ್ಕೊಂದು ಸೇರುವುದೇ ಇಲ್ಲ, ಎಳೆಯಲು ಹೋಗಬೇಡಿ. ಚಳಿಗೆ ಹಾಕುವ ಓವರ್‌ಕೋಟಿನ ಅಂಚು ನೇರ ಇಳಿಯುತ್ತದೆ, ಅದಕ್ಕೆ ಬೇಕಾದರೆ ಎಲ್ಲವನ್ನೂ ಹಾಕಿ. ತೋಳಿನ ಗುಂಡಿ ಬಿಚ್ಚಲು ಬರುವಂತಿದ್ದರೆ ಕೆಲವರು ಒಂದನ್ನು ಬಿಚ್ಚಿ ತೋರಿಸುತ್ತಾರೆ. ನನಗೆ ಅದು ಅಂಗಡಿಯ ಚೀಟಿ ನೇತಾಡಿದ ಹಾಗೆ ಕಾಣುತ್ತದೆ.

ಹೊಸ ಕೋಟಾಗಿದ್ದರೆ ಹಿಂದಿನ ಸೀಳನ್ನೂ ನೋಡಿ. ಅಲ್ಲಿ ಅಡ್ಡಡ್ಡ ಹಾಕಿದ ಕಚ್ಚಾ ಹೊಲಿಗೆ ಕತ್ತರಿಸಿ ತೆಗೆಯಬೇಕಾದದ್ದು. ಸಣ್ಣ ಕತ್ತರಿ ಸಾಕು, ಬ್ಲೇಡ್ ಮಾತ್ರ ಬೇಡ.