ತಿಂಗಳಿಗೆ ಇಪ್ಪತ್ತು ಕಂತು, ಎರಡು ಬರಹ

ಪ್ರತಿ ತಿಂಗಳು 1ನೇ ತಾರೀಖು ರಾತ್ರಿ, ಪಾತ್ರೆ ತೊಳೆದಿಟ್ಟ ಮೇಲೆ, ಉದ್ದನೆಯ ಲೆಕ್ಕದ ಪುಸ್ತಕ ತೆಗೆದುಕೊಂಡು ಕೂರುತ್ತೇನೆ. ಎಡಗಡೆ ಪುಟ ನೋಡುವುದಕ್ಕೆ, ಬಲಗಡೆ ಪುಟ ಬರೆಯುವುದಕ್ಕೆ. ಎಡಕ್ಕೆ ಆ ತಿಂಗಳು ನೋಡಬೇಕೆಂದಿರುವ ಅನಿಮೆ (ಜಪಾನಿನ ಕಾರ್ಟೂನ್ ಸರಣಿ, ಸಿನಿಮಾ), ಬಲಕ್ಕೆ ಅವುಗಳ ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂದಿರುವ ಬರಹ. ತೀರ್ಥಹಳ್ಳಿಯ ಸಹಕಾರಿ ಬ್ಯಾಂಕೊಂದರ ಕ್ಯಾಶ್ ಕೌಂಟರಿನಲ್ಲಿ ಹನ್ನೊಂದು ವರ್ಷ ಕೂತವಳಿಗೆ ಎರಡೂ ಪುಟ ತಾಳೆಯಾಗದಿದ್ದರೆ ಸಮಾಧಾನವಿಲ್ಲ. ಕೆಲಸ, ಮನೆ, ಅಮ್ಮನ ಔಷಧಿ, ಇದೆಲ್ಲದರ ನಡುವೆ ಹೇಗೆ ಸಾಧ್ಯ ಎಂದು ಕೇಳುವವರಿಗಾಗಿ ನನ್ನ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತಿದ್ದೇನೆ.

ಮೊದಲು ಕೆಟ್ಟ ತಿಂಗಳಿನ ಕಥೆ. 2023ರ ಮೇನಲ್ಲಿ 60 ಕಂತು ನೋಡುತ್ತೇನೆ, 8 ಬರಹ ಬರೆಯುತ್ತೇನೆ ಎಂದು ಬರೆದುಕೊಂಡಿದ್ದೆ. ನೋಡಿದ್ದು 54, ಬರೆದದ್ದು ಒಂದು. ಜೂನಿನಲ್ಲಿ ಚಿಕ್ಕಮ್ಮನ ಮಗಳು ಬಂದು, "ಅಕ್ಕಾ, ಯಾವುದು ನೋಡ್ಲಿ ಹೇಳು" ಅಂದಾಗ ಬಾಯಿಗೆ ಒಂದು ಹೆಸರೂ ಬರಲಿಲ್ಲ. ಅಷ್ಟು ಕಂತುಗಳಲ್ಲಿ ನೆನಪಿದ್ದದ್ದು ಮಳೆಯಲ್ಲಿ ನೆನೆದ ಒಂದು ರೈಲು ನಿಲ್ದಾಣ. ಅದು ಯಾವ ಸರಣಿಯದು ಎನ್ನುವುದು ಈಗಲೂ ತಿಳಿಯದು. ಆವತ್ತೇ ಕ್ರಮ ತಿರುಗಿಸಿದೆ. ಈಗ ಬಲಪುಟ ಮೊದಲು ತುಂಬುತ್ತೇನೆ. ತಿಂಗಳಿಗೆ ಎರಡು ಬರಹ, ಒಂದೊಂದೂ ಸುಮಾರು 400 ಪದ. ಆ ಎರಡಕ್ಕೆ ಎಷ್ಟು ನೋಡಿದರೆ ಸಾಕೋ ಅಷ್ಟೇ ಎಡಪುಟಕ್ಕೆ. ನೀವು ಶುರು ಮಾಡುವುದಾದರೂ ಹೀಗೇ ಮಾಡಿ.

ಎಡಪುಟವನ್ನು ಸರಣಿಗಳಲ್ಲಿ ಎಣಿಸಬೇಡಿ, ನಿಮಿಷಗಳಲ್ಲಿ ಎಣಿಸಿ. "ಈ ತಿಂಗಳು ಐದು ಸರಣಿ" ಅನ್ನುವುದು ಕೇಳಲು ಚೆಂದ, ಆದರೆ ಒಂದು 12 ಕಂತಿನದು, ಇನ್ನೊಂದು 26ರದು. ಟೀವಿ ಅನಿಮೆಯ ಒಂದು ಕಂತು ಸುಮಾರು 24 ನಿಮಿಷ. ಅದರಲ್ಲಿ ಮೊದಲ ಹಾಡು ಒಂದೂವರೆ ನಿಮಿಷ, ಕೊನೆಯ ಹಾಡು ಒಂದೂವರೆ ನಿಮಿಷ. 20 ಕಂತಿಗೆ 8 ಗಂಟೆ. ಒಂದು ಸಿನಿಮಾಕ್ಕೆ 2 ಗಂಟೆ ಇಡಿ. ನನಗೆ ಒಂದು ಬರಹಕ್ಕೆ ಎರಡು ಸಲ ಕೂತು ಒಟ್ಟು 3 ಗಂಟೆ ಬೇಕು, ಎರಡಕ್ಕೆ 6. ಎಲ್ಲ ಕೂಡಿದರೆ 16 ಗಂಟೆ, ಅಂದರೆ ದಿನಕ್ಕೆ ಅರ್ಧ ಗಂಟೆ ಮತ್ತು ಸ್ವಲ್ಪ. ಇಷ್ಟು ನನ್ನಿಂದ ಆಗುತ್ತದೆ. ನಿಮಗೆ 10 ಗಂಟೆಯಷ್ಟೇ ಸಿಗುವುದಾದರೆ ಕಂತು ಕಡಿಮೆ ಮಾಡಿ, ಬರಹ ಕಡಿಮೆ ಮಾಡಬೇಡಿ.

ಆ 20ನ್ನು ನಾನು ಹಂಚುವುದು ಹೀಗೆ: ಪೂರ್ತಿ ಮುಗಿದಿರುವ ಹಳೆಯ ಸರಣಿಯೊಂದರಿಂದ 12, ಈಗ ವಾರವಾರ ಬರುತ್ತಿರುವ ಒಂದರಿಂದ 4, ಮಿಕ್ಕ 4 ಹೊಸದರ ರುಚಿ ನೋಡಲು. ಸೋಮ, ಮಂಗಳ, ಬುಧ, ಶುಕ್ರ, ಭಾನು ಒಂದೊಂದು ಕಂತು. ಗುರುವಾರ ರಾತ್ರಿ ನೋಡುವುದಿಲ್ಲ, ಬರಹದ ಮೊದಲ ಕರಡು ಫೋನಿನಲ್ಲೇ ಬರೆಯುತ್ತೇನೆ. ನಮಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ; ಆ ಬೆಳಗ್ಗೆಗಳು ಬರಹ ತಿದ್ದಿ ಮುಗಿಸುವುದಕ್ಕೆ. ತಿಂಗಳಿನ ಕೊನೆಯ ಎರಡು ಮೂರು ದಿನ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಆ ದಿನಗಳಲ್ಲಿ ಕೌಂಟರಿನಿಂದ ಏಳುವ ಹೊತ್ತಿಗೆ ಕಣ್ಣು ಉರಿಯುತ್ತಿರುತ್ತದೆ, ಸಬ್‌ಟೈಟಲ್ ಓದಲು ಮನಸ್ಸಾಗುವುದಿಲ್ಲ.

ಬ್ಯಾಂಕಿನವರಿಗೆ ಇನ್ನೊಂದು ವಿಶೇಷವಿದೆ. ಜಪಾನಿನಲ್ಲಿ ಟೀವಿ ಅನಿಮೆ ವರ್ಷಕ್ಕೆ ನಾಲ್ಕು ಸಲ ಹೊಸದಾಗಿ ಶುರುವಾಗುತ್ತದೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಮೂರು ತಿಂಗಳ ಒಂದು ಸುತ್ತಿಗೆ ಅವರು 'ಕೂರ್' ಅನ್ನುತ್ತಾರೆ, ವಾರಕ್ಕೊಂದರಂತೆ 11ರಿಂದ 13 ಕಂತು. ಇದು ನಮ್ಮ ತ್ರೈಮಾಸಿಕವೇ! ಅವರ ಸರಣಿಗಳು ಮುಗಿಯುವುದೂ ನಮ್ಮ ಲೆಕ್ಕ ಮುಗಿಸುವುದೂ ಒಂದೇ ವಾರ. ಮಾರ್ಚ್ ಕೊನೆಗೆ ನಾನು ಯಾವ ಸರಣಿಯ ಕಡೇ ಕಂತನ್ನೂ ನೋಡುವುದಿಲ್ಲ. ಏಪ್ರಿಲ್ ಮೊದಲ ಭಾನುವಾರಕ್ಕೆ ಎತ್ತಿಡುತ್ತೇನೆ. ಅಷ್ಟು ದಿನ ಯೂಟ್ಯೂಬ್ ತೆರೆಯುವುದಿಲ್ಲ, ಕಥೆ ಯಾರಾದರೂ ಹೇಳಿಬಿಟ್ಟಾರು ಎಂದು. ನಿಮ್ಮ ಕೆಲಸಕ್ಕೂ ಇಂಥ ಒತ್ತಡದ ವಾರಗಳಿರುತ್ತವೆ, ಶಾಲೆಯಾದರೆ ಪರೀಕ್ಷೆ, ತೋಟವಾದರೆ ಅಡಿಕೆ ಕೊಯ್ಲು. ಅವನ್ನು ಮೊದಲೇ ಪುಸ್ತಕದಲ್ಲಿ ಗೆರೆ ಹಾಕಿ ಹೊರಗಿಡಿ.

ವಾರವಾರ ಬರುವ ಒಂದು ಸರಣಿ ಕೈಯಲ್ಲಿರಲಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. 'ಫ್ರೀರೆನ್' ಬಂದದ್ದು 2023ರ ಸೆಪ್ಟೆಂಬರ್ 29ಕ್ಕೆ, ಮೊದಲ ನಾಲ್ಕು ಕಂತು ಒಂದೇ ರಾತ್ರಿ. ಆಮೇಲೆ ಶುಕ್ರವಾರಕ್ಕೊಂದು, ಜಪಾನಿನ ರಾತ್ರಿ 11 ಗಂಟೆಗೆ. ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ, ಹಾಗಾಗಿ ಅಲ್ಲಿ ನಡುರಾತ್ರಿ ಹತ್ತಿರವಾದಾಗ ನಮಗೆ ಇನ್ನೂ ಏಳೂವರೆ. ಮುಂದಿನ ವರ್ಷದ ಮಾರ್ಚ್‌ವರೆಗೆ ಒಟ್ಟು 28 ಕಂತು. ಹತ್ತು ವರ್ಷ ಜೊತೆಗೆ ನಡೆದ ಗೆಳೆಯ ಸತ್ತ ಮೇಲೆ, ಅವನನ್ನು ತಿಳಿದುಕೊಳ್ಳಲೇ ಇಲ್ಲವಲ್ಲ ಎಂದು ಸಾವಿರಾರು ವರ್ಷ ಬದುಕುವವಳೊಬ್ಬಳು ಅಳುವುದರಿಂದ ಶುರುವಾಗುವ ಕಥೆ. ಇದನ್ನು ಎರಡು ರಾತ್ರಿಯಲ್ಲಿ ಮುಗಿಸಿದ್ದರೆ ನನಗೆ ಏನೂ ದಕ್ಕುತ್ತಿರಲಿಲ್ಲ. ಒಂದು ಶುಕ್ರವಾರದಿಂದ ಇನ್ನೊಂದಕ್ಕೆ ಕಾಯುವ ಆರು ದಿನ ಅದು ತಲೆಯೊಳಗೆ ಓಡಾಡುತ್ತಿತ್ತು, ಬರಹಕ್ಕೆ ಮಾತು ಹುಟ್ಟಿದ್ದು ಆ ದಿನಗಳಲ್ಲಿ.

'ಒನ್ ಪೀಸ್' ಥರದ್ದು ಬೇರೆಯೇ ಲೆಕ್ಕ. 1999ರ ಅಕ್ಟೋಬರಿನಲ್ಲಿ ಶುರುವಾದದ್ದು 1100 ಕಂತು ದಾಟಿದೆ. ತಿಂಗಳಿನ 20 ಕಂತನ್ನೂ ಅದಕ್ಕೇ ಕೊಟ್ಟರೂ ನಾಲ್ಕು ವರ್ಷ ಏಳು ತಿಂಗಳು. ನೋಡಬೇಕೆಂದಿದ್ದರೆ ಆರ್‌ಡಿ ಕಟ್ಟುವಂತೆ ಪ್ರತ್ಯೇಕ ಪುಟ ಮಾಡಿ, ತಿಂಗಳ ಗುರಿಯೊಳಗೆ ತುರುಕಬೇಡಿ.

ಈಗ ನಿಜವಾದ ಕೆಲಸ, ನೋಡುವಾಗ ಬರೆದುಕೊಳ್ಳುವುದು. ಕಂತು ಮುಗಿದ ಕೂಡಲೇ, ಮುಂದಿನದು ತಾನಾಗಿ ಶುರುವಾಗುವ ಮೊದಲು, ಮೂರು ಸಾಲು: ಒಂದು ನೋಟ, ಒಂದು ಸದ್ದು, ಒಂದು ಮಾತು. ಕಥೆಯ ಸಾರಾಂಶ ಬೇಡ, ಅದು ಎಲ್ಲೆಡೆ ಸಿಗುತ್ತದೆ. ಆ್ಯಪಿನಲ್ಲಿ 'ಮುಂದಿನ ಕಂತು ತಾನೇ ಓಡಲಿ' ಎಂಬುದನ್ನು ಇವತ್ತೇ ಆಫ್ ಮಾಡಿ.

'ಮುಶಿಶಿ'ಯ ಮೊದಲ ಕಂತಿಗೆ ನಾನು ಬರೆದುಕೊಂಡದ್ದು ಮುಂದಿದೆ. ಅದು 2005ರ ಸರಣಿ, ಕಂತಿಗೊಂದು ಬಿಡಿ ಕಥೆ, 26 ಕಂತು. ಎರಡು ತಿಂಗಳಿಗೆ ಹಂಚಿಕೊಂಡು ನೋಡಿದೆ. ಮೊದಲ ಕಂತಿನಲ್ಲಿ ಶಿನ್ರ ಎಂಬ ಹುಡುಗ. ಅವನು ಎಡಗೈಯಲ್ಲಿ ಬರೆದದ್ದಕ್ಕೆಲ್ಲ ಜೀವ ಬರುತ್ತದೆ, ಅಜ್ಜಿ ಬೇಡ ಅಂದಿರುತ್ತಾಳೆ.

ನೋಟ: ಹಾಳೆಯ ಮೇಲೆ ಬರೆದದ್ದು ಎದ್ದು ಹೊರಟುಹೋಗುವುದು, ಆಮೇಲೆ, ಅರ್ಧವೇ ಉಳಿದ ಹಸಿರು ಬಟ್ಟಲಿಗೆ ಹುಡುಗ ಇನ್ನರ್ಧ ಬರೆದು ಕೂಡಿಸುವುದು.
ಸದ್ದು: ಕೊನೆಯಲ್ಲಿ ಹಾಡಿಲ್ಲ, ವಾದ್ಯ ಮಾತ್ರ. (ಮುಂದೆ ನೋಡುತ್ತ ಹೋದರೆ ಪ್ರತಿ ಕಂತಿನ ಕೊನೆಗೂ ತೊಶಿಯೊ ಮಸುದ ಅವರ ಬೇರೆ ಬೇರೆ ಸಂಗೀತ.)
ಮಾತು: ಕಕು.

ಈ 'ಕಕು' ನನ್ನನ್ನು ಹಿಡಿದು ಕೂರಿಸಿತು. ಜಪಾನಿ ಭಾಷೆಯಲ್ಲಿ ಅಕ್ಷರ ಬರೆಯುವುದೂ 'ಕಕು', ಚಿತ್ರ ಬರೆಯುವುದೂ 'ಕಕು'. ಲಿಪಿಯಲ್ಲಿ ಬೇರೆ ಚಿಹ್ನೆ, ಬಾಯಲ್ಲಿ ಒಂದೇ. ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಅದು ಎರಡು ಪದವಾಗಿ ಒಡೆದುಹೋಗುತ್ತದೆ. ಕನ್ನಡದಲ್ಲಿ? ನಾವು ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ, ಅಂಗಳದಲ್ಲಿ ರಂಗೋಲಿಯನ್ನೂ ಬರೆಯುತ್ತೇವೆ. ಆ ಹುಡುಗನ ಕೈಯ ಕಥೆ ಹೇಳಲು ಕನ್ನಡಕ್ಕೆ ಒಂದೇ ಕ್ರಿಯಾಪದ ಸಾಕು. ಆ ತಿಂಗಳ ಮೊದಲ ಬರಹ ಇಷ್ಟೇ ವಿಷಯ, 400 ಪದ. ಸರಣಿಯ ಬಗ್ಗೆ ಪೂರ್ತಿ ವಿಮರ್ಶೆ ಬರೆಯಲು ಹೊರಟಿದ್ದರೆ ಎರಡನೇ ಪ್ಯಾರಾದಲ್ಲೇ ನಿಂತುಹೋಗುತ್ತಿತ್ತು. ಒಂದು ಬರಹಕ್ಕೆ ಒಂದು ಎಳೆ ಸಾಕು.

ಕನ್ನಡದಲ್ಲಿ ಬರೆಯಿರಿ ಎಂದು ನಾನು ಹಠ ಹಿಡಿಯುವುದು ಇದಕ್ಕೇ. ಅನಿಮೆಯಲ್ಲಿ ಮಕ್ಕಳು ಶಾಲೆಗೆ ಹೊರಡುವಾಗ ಬಾಗಿಲಲ್ಲಿ 'ಇತ್ತೆಕಿಮಾಸ್' ಅನ್ನುವುದನ್ನು ನೀವು ನೂರು ಸಲ ಕೇಳಿರುತ್ತೀರಿ. ಪದ ಬಿಡಿಸಿದರೆ ಅದರ ಅರ್ಥ 'ಹೋಗಿ ಬರುತ್ತೇನೆ'. ನಾನು ಚಿಕ್ಕವಳಿದ್ದಾಗ ಚಪ್ಪಲಿ ಮೆಟ್ಟುತ್ತ "ಅಮ್ಮಾ, ಹೋಗ್ತೀನಿ" ಅಂದರೆ ಅಮ್ಮ ಒಲೆಯ ಮುಂದಿಂದಲೇ, "ಹೋಗ್ತೀನಿ ಅನ್ಬಾರ್ದು ಕಣೇ, ಹೋಗ್ಬರ್ತೀನಿ ಅನ್ನು" ಅನ್ನುತ್ತಿದ್ದಳು. ಬರುತ್ತೇನೆ ಎಂಬ ಮಾತಿಲ್ಲದೆ ಮನೆ ಬಿಡಬಾರದು ಎಂಬ ಆ ಭಯ, ಆ ಪ್ರೀತಿ ಇಂಗ್ಲಿಷ್ ಸಾಲಿನಲ್ಲಿ ಇಲ್ಲ. ನಿಮ್ಮ ಕಿವಿಗೆ ಅದು ನೇರವಾಗಿ ಬೀಳುತ್ತದೆ, ಹಾಗಿರುವಾಗ ಅದನ್ನು ಬರೆದಿಡಿ.

ಹೆಸರುಗಳನ್ನು ಕನ್ನಡದಲ್ಲಿ ಬರೆಯುವಾಗ ಇಂಗ್ಲಿಷ್ ಕಾಗುಣಿತ ನೋಡಬೇಡಿ, ಉಚ್ಚಾರ ಕೇಳಿ. ನಮ್ಮಲ್ಲಿ ಎ–ಏ, ಒ–ಓ ಬೇರೆ ಬೇರೆ. ಜಪಾನಿಯಲ್ಲೂ ಹ್ರಸ್ವ ದೀರ್ಘದ ಲೆಕ್ಕ ಕಟ್ಟುನಿಟ್ಟು. ಅವರ 'ತ' ನಮ್ಮ 'ಟ'ಗಿಂತ 'ತ'ಕ್ಕೆ ಹತ್ತಿರ. ಹಾಗಾಗಿ 'ಟೋಟೋರೋ' ಅಲ್ಲ, 'ತೊತೊರೊ', ಮೂರೂ ಹ್ರಸ್ವ. ಇಷ್ಟು ಚೆನ್ನಾಗಿ ಹೊಂದುವ ಲಿಪಿ ಕೈಯಲ್ಲಿಟ್ಟುಕೊಂಡು ತಪ್ಪಾಗಿ ಬರೆದರೆ ನನಗೆ ಬೇಸರವಾಗುತ್ತದೆ.

ಸಿನಿಮಾ ತಿಂಗಳಿಗೊಂದು, ಮೂರನೇ ಭಾನುವಾರ ಮಧ್ಯಾಹ್ನ. ಮೊದಲ ಸಲದವರಿಗೆ 1988ರ ತೊತೊರೊ ಸಾಕು, 86 ನಿಮಿಷ, ಮನೆಯವರೂ ಜೊತೆಗೆ ಕೂರಬಹುದು. ನಮ್ಮನೆಯಲ್ಲಿ ಅಮ್ಮ ಪೂರ್ತಿ ನೋಡಿದ್ದು ಅದೊಂದೇ. ಬಸ್‌ಸ್ಟಾಪಿನಲ್ಲಿ ಮಳೆ, ತಂಗಿಯನ್ನು ಬೆನ್ನಮೇಲೆ ಹೊತ್ತು ಅಪ್ಪನಿಗಾಗಿ ಕೊಡೆ ಹಿಡಿದು ಕಾಯುವ ಅಕ್ಕ. ಅಮ್ಮ ಆಗ ಮಾತೇ ಆಡಲಿಲ್ಲ.

ಮಲೆನಾಡಿನವರಿಗೆ ಒಂದು ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಗುರಿ 20 ಬೇಡ, 12 ಇಡಿ. ಮರ ಬಿದ್ದು ಕರೆಂಟು ಹೋದರೆ ಎರಡು ದಿನವೂ ಆಗಬಹುದು. ಭಾನುವಾರ ನೆಟ್‌ವರ್ಕ್ ಇದ್ದಾಗಲೇ ವಾರದ ಕಂತುಗಳನ್ನು ಆ್ಯಪಿನೊಳಗೆ ಡೌನ್‌ಲೋಡ್ ಮಾಡಿಕೊಳ್ಳಿ, ಪವರ್ ಬ್ಯಾಂಕ್ ತುಂಬಿಸಿಡಿ. ದುಡ್ಡು ಕೊಟ್ಟು ಚಂದಾ ಕಟ್ಟಲಾಗದವರು ಯೂಟ್ಯೂಬಿನಲ್ಲಿ ಮ್ಯೂಸ್ ಏಷ್ಯಾ, ಆನಿ-ಒನ್ ಏಷ್ಯಾದಂಥ ಪರವಾನಗಿ ಪಡೆದ ಚಾನೆಲ್ಲುಗಳನ್ನು ನೋಡಿ, ಕೆಲವು ಸರಣಿಗಳನ್ನು ಉಚಿತವಾಗಿ ಹಾಕುತ್ತಾರೆ. ಕದ್ದು ಹಾಕಿದ ಸೈಟುಗಳಿಗೆ ಹೋಗಬೇಡಿ. ಚಿತ್ರ ಬರೆದವರಿಗೆ ಅದರಿಂದ ಒಂದು ಪೈಸೆಯೂ ಸೇರುವುದಿಲ್ಲ.

ಇಷ್ಟವಾಗದ್ದನ್ನು ಮೂರು ಕಂತಿಗೆ ಬಿಡಿ. ಬಿಡುವಾಗ ಯಾಕೆ ಬಿಟ್ಟೆ ಎಂದು ಎರಡು ಸಾಲು ಬರೆಯಿರಿ. ಮೈಅನಿಮೆಲಿಸ್ಟ್ ಎಂಬ ಜಾಲತಾಣದಲ್ಲಿ ನೋಡಿದ್ದನ್ನು ದಾಖಲಿಸುವುದು ಒಳ್ಳೆಯದೇ, ನಾನೂ ಮಾಡುತ್ತೇನೆ, ಆದರೆ ಹತ್ತಕ್ಕೆ ಎಷ್ಟು ಅಂಕ ಎನ್ನುವ ಜಾಗವನ್ನು ಖಾಲಿ ಬಿಡುತ್ತೇನೆ. ಅಂಕ ಕೊಟ್ಟ ದಿನ ನನಗೆ ಬರೆಯುವ ಆಸೆ ಹೋಗಿಬಿಡುತ್ತದೆ, ಹೇಳಬೇಕಾದದ್ದನ್ನೆಲ್ಲ ಹೇಳಿಯಾಯಿತು ಅನ್ನಿಸಿ.

ತಿಂಗಳ ಕೊನೆಗೆ ಗುರಿ ಮುಟ್ಟದಿದ್ದರೆ, ನೋಡದೆ ಉಳಿದ ಕಂತುಗಳನ್ನು ಮುಂದಿನ ತಿಂಗಳಿಗೆ ಒಯ್ಯಬೇಡಿ, ಗೆರೆ ಎಳೆದು ಮುಚ್ಚಿ. ಬರೆಯದೆ ಉಳಿದ ಬರಹ ಮಾತ್ರ ಬಾಕಿಯಾಗಿ ಮುಂದಕ್ಕೆ ಬರಲಿ, ಅದು ಮುಗಿಯುವ ತನಕ ಹೊಸ ಸರಣಿ ತೆರೆಯುವಂತಿಲ್ಲ. ನನ್ನ ಬಲಪುಟದಲ್ಲಿ ಈಗ ಅಂಥದ್ದೊಂದು ಬಾಕಿ ಇದೆ. ಅನಿಮೆಯಲ್ಲಿ ಜೀರುಂಡೆ 'ಮೀನ್ ಮೀನ್' ಅಂದರೆ ಅಲ್ಲಿಯ ಮಕ್ಕಳಿಗೆ ಬೇಸಿಗೆ ರಜೆ. ನಮ್ಮ ಹಿತ್ತಲಲ್ಲಿ ಜೀರುಂಡೆ ಹಿಡಿದರೆ ಅಮ್ಮ ಸೌದೆ ಒಳಗಿಡು, ಮಳೆ ಹತ್ತಿರ ಬಂತು ಅನ್ನುತ್ತಾಳೆ. ಅರ್ಧ ಬರೆದಿದ್ದೇನೆ. ನಾಡಿದ್ದು ಎರಡನೇ ಶನಿವಾರ.