ಕೂಟ, ಸಭೆ, ಗ್ಯಾದರಿಂಗ್: ಮುಂಬಯಿಯ ಸಂಘಕ್ಕೆ ಮೂರು ಭಾಷೆಯಲ್ಲಿ ಕಾಗದ ಬರೆಯುವಾಗ

ಮುಂಬಯಿಯ ಕನ್ನಡ ಸಂಘದ ಕಾಗದಪತ್ರ ನೋಡಿಕೊಳ್ಳುವವರಿಗೆ ಒಂದೇ ಸಂಗತಿಯನ್ನು ಮೂರು ಸಲ ಬರೆಯುವುದು ತಪ್ಪದು. ಸದಸ್ಯರಿಗೆ ಕನ್ನಡದಲ್ಲಿ, ಪೊಲೀಸ್ ಠಾಣೆಗೆ ಮರಾಠಿಯಲ್ಲಿ, ಬ್ಯಾಂಕಿಗೂ ಲೆಕ್ಕಪರಿಶೋಧಕರಿಗೂ ಇಂಗ್ಲಿಷಿನಲ್ಲಿ. ಈ ಕೆಲಸ ಮಾಡುವಾಗ ನನ್ನ ಕೈ ತಡೆಯುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ಜನ ಸೇರುವುದನ್ನು ಹೇಳುವ ಮಾತುಗಳಲ್ಲಿ.

ನಮ್ಮ ‘ಕೂಟ’ವನ್ನೇ ನೋಡಿ. ತಾಳಮದ್ದಳೆ ಕೂಟ, ಔತಣಕೂಟ, ಸಂತೋಷಕೂಟ, ಪೊಲೀಸರು ಹೇಳುವ ಅಕ್ರಮಕೂಟ. ಕನ್ನಡದಲ್ಲಿ ಕೂಟಕ್ಕೆ ಮೊದಲು ಬರುವ ಪದವೇ ಅರ್ಥ ತಂದುಕೊಡುತ್ತದೆ, ಕೂಟ ಹಾಗೇ ಇರುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ಸೆಷನ್, ಎರಡನೆಯದು ಡಿನ್ನರ್, ಮೂರನೆಯದು ಗೆಟ್ ಟುಗೆದರ್, ನಾಲ್ಕನೆಯದು ಅನ್‌ಲಾಫುಲ್ ಅಸೆಂಬ್ಲಿ. ನಾಲ್ಕಕ್ಕೂ ‘ಗ್ಯಾದರಿಂಗ್’ ಎಂದು ಬರೆದರೆ ಓದಿದವರಿಗೆ ಏನೂ ಹೊಳೆಯುವುದಿಲ್ಲ. ಇಂಗ್ಲಿಷ್ ಈ ಪದಗಳನ್ನು ಬೇರೆ ಮಾಡುವುದು ತಲೆ ಎಣಿಸಿ ಅಲ್ಲ. ಜನರನ್ನು ಕರೆದವರು ಯಾರು, ಕರೆದದ್ದು ಯಾತಕ್ಕೆ ಎಂಬುದನ್ನು ನೋಡಿ. ಹಾಗಾಗಿ ಬರೆಯುವ ಮೊದಲು ನಾನು ಕಾಗದದ ಅಂಚಿನಲ್ಲಿ ಮೂರು ಪ್ರಶ್ನೆ ಗೀಚಿಕೊಳ್ಳುತ್ತೇನೆ: ಕರೆದವರು ಇದ್ದಾರೆಯೇ? ಬಂದವರ ಹೆಸರು ಪಟ್ಟಿಯಲ್ಲಿ ಇದೆಯೇ? ಎದ್ದು ಹೋಗುವ ಮೊದಲು ಏನಾದರೂ ತೀರ್ಮಾನ ಆಗಬೇಕೇ?

ಮೂರಕ್ಕೂ ‘ಹೌದು’ ಬಂದರೆ ಅದು ಮೀಟಿಂಗ್. ಬೇರೆ ಪದ ಹುಡುಕುವುದೇ ಬೇಡ. ಮಹಾಸಭೆಯ ಸೂಚನಾಪತ್ರದಲ್ಲಿ ‘ಗ್ಯಾದರಿಂಗ್ ಆಫ್ ದಿ ಜನರಲ್ ಬಾಡಿ’ ಎಂದು ಬರೆದದ್ದನ್ನು ತಿದ್ದಲು ನನಗೆ ಎಷ್ಟೋ ಸಲ ಕೊಟ್ಟಿದ್ದಾರೆ. ಬರೆದವರಿಗೆ ಅದು ಸುಂದರವಾಗಿ ಕೇಳಿಸಿರುತ್ತದೆ. ಆದರೆ ಗ್ಯಾದರಿಂಗ್‌ಗೆ ಕೋರಂ (ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ) ಇಲ್ಲ, ಅಧ್ಯಕ್ಷರು ಇಲ್ಲ, ಠರಾವು ಇಲ್ಲ. ಮಹಾರಾಷ್ಟ್ರ ಸಾರ್ವಜನಿಕ ನ್ಯಾಸಗಳ (ಟ್ರಸ್ಟ್‌ಗಳ) ಕಾಯ್ದೆಯಡಿ ನೋಂದಾಯಿಸಿದ ಸಂಘದಲ್ಲಿ ಪದಾಧಿಕಾರಿಗಳು ಬದಲಾದರೆ 90 ದಿನದೊಳಗೆ ಚೇಂಜ್ ರಿಪೋರ್ಟ್ ಸಲ್ಲಿಸಬೇಕು. ಅದರ ಜೊತೆ ಹೋಗುವುದು ಇದೇ ಸೂಚನಾಪತ್ರ, ಇದೇ ನಡಾವಳಿ. ಸಂಘದೊಳಗೆ ಜಗಳ ಇದ್ದರೆ ಎದುರು ಪಕ್ಷದವರು ಮೊದಲು ಬೆರಳಿಡುವುದು ಇಂಥ ಸಡಿಲ ಪದದ ಮೇಲೆ.

ಇನ್ನೊಂದು ತೊಡಕು ಈ ಊರಿನದೇ. ಮುಂಬಯಿ, ಪುಣೆಯ ಶಾಲೆ-ಕಾಲೇಜುಗಳಲ್ಲಿ ‘ಗ್ಯಾದರಿಂಗ್’ ಎಂದರೆ ವಾರ್ಷಿಕೋತ್ಸವ, ಮರಾಠಿಯ ಸ್ನೇಹಸಂಮೇಲನ. ಧಾರವಾಡದ ಕಡೆಯವರಿಗೂ ಈ ಬಳಕೆ ಹೊಸತಲ್ಲ. ಹಾಡು-ಕುಣಿತ, ಬಹುಮಾನ ವಿತರಣೆ ಇದ್ದರೆ ಆ ಪದ ಇಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊರಗಿನ ಅತಿಥಿಗಳಿಗೆ ಪತ್ರ ಬರೆಯುವಾಗ ಮಾತ್ರ ‘ಆನ್ಯುವಲ್ ಡೇ’ ಎಂದೇ ಬರೆಯುತ್ತೇನೆ.

ಮೀಟಿಂಗ್ ಎಂದು ಬರೆದ ಮೇಲೂ ನಡಾವಳಿಯಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಒಂದು, ಹಾಜರಾತಿ. ‘ಪ್ರೆಸೆಂಟ್’ ಎಂಬ ತಲೆಬರಹದ ಕೆಳಗೆ ಮತದ ಹಕ್ಕಿರುವ ಸದಸ್ಯರ ಹೆಸರು ಮಾತ್ರ. ಲೆಕ್ಕಪರಿಶೋಧಕರು, ವಕೀಲರು, ಆಮಂತ್ರಿತರು ‘ಇನ್ ಅಟೆಂಡೆನ್ಸ್’ ಎಂಬ ಬೇರೆ ತಲೆಬರಹದ ಕೆಳಗೆ. ಕನ್ನಡದಲ್ಲಿ ಇಬ್ಬರೂ ‘ಉಪಸ್ಥಿತರು’, ಹಾಗಾಗಿ ಎಲ್ಲರನ್ನೂ ಒಂದೇ ಪಟ್ಟಿಗೆ ಸೇರಿಸಿಬಿಡುತ್ತೇವೆ. ಆಗ ಕೋರಂ ಎಣಿಕೆ ತಪ್ಪುತ್ತದೆ: ಇಪ್ಪತ್ತು ಬೇಕಾದಲ್ಲಿ ಹದಿನೆಂಟು ಸದಸ್ಯರು, ಮೂವರು ಆಮಂತ್ರಿತರು ಸೇರಿ ಇಪ್ಪತ್ತೊಂದಾಗಿ ಕಾಣುತ್ತದೆ. ನಾನು ಕನ್ನಡದ ನಡಾವಳಿಯಲ್ಲೂ ‘ಹಾಜರಿದ್ದ ಸದಸ್ಯರು’, ‘ಆಮಂತ್ರಿತರು’ ಎಂದು ಎರಡು ಪಟ್ಟಿ ಮಾಡುತ್ತೇನೆ.

ಎರಡನೆಯದು ‘ಮುಂದೂಡಿಕೆ’. ಸಭೆ ಶುರುವಾಗುವ ಮೊದಲೇ ದಿನ ಬದಲಿಸಿದರೆ ಇಂಗ್ಲಿಷಿನಲ್ಲಿ ಪೋಸ್ಟ್‌ಪೋನ್. ಸೇರಿದ ಮೇಲೆ ಕೋರಂ ಸಾಲದೆಯೋ ಹೊತ್ತು ಮೀರಿಯೋ ನಿಲ್ಲಿಸಿದರೆ ಅಡ್ಜರ್ನ್. ಅಡ್ಜರ್ನ್ ಆದ ಸಭೆ ಮತ್ತೆ ಸೇರಿದಾಗ ಅದು ಹೊಸ ಸಭೆಯಲ್ಲ, ಮೊದಲಿನದರ ಮುಂದುವರಿಕೆ. ಉಳಿದ ವಿಷಯಗಳನ್ನಷ್ಟೇ ಎತ್ತಿಕೊಳ್ಳಬೇಕು, ಹೊಸ ವಿಷಯ ತುರುಕುವಂತಿಲ್ಲ. ನಮ್ಮ ‘ಮುಂದೂಡಲಾಯಿತು’ ಎರಡನ್ನೂ ಹೇಳುತ್ತದೆ, ಆದ್ದರಿಂದ ಅನುವಾದಕ್ಕೆ ಕೂತವರಿಗೆ ಯಾವುದೆಂದು ಗೊತ್ತಾಗುವುದಿಲ್ಲ. ‘ಸಭೆ ಸೇರಿ, ಕೋರಂ ಇಲ್ಲದ್ದರಿಂದ ಅರ್ಧ ಗಂಟೆ ತಡೆಹಿಡಿಯಲಾಯಿತು’ ಎಂದು ಕನ್ನಡದಲ್ಲೇ ಬಿಡಿಸಿ ಬರೆದರೆ ಇಂಗ್ಲಿಷ್ ತಾನಾಗಿ ಸರಿಹೋಗುತ್ತದೆ.

ಇನ್ನು ಸಮಿತಿ, ಪರಿಷತ್ತು, ಸಂಘಗಳ ವಿಷಯ. ‘ಕಮಿಟಿ’ ಹುಟ್ಟಿದ್ದು ‘ಕಮಿಟ್’ನಿಂದ, ಒಪ್ಪಿಸು ಎಂಬ ಅರ್ಥದಿಂದ. ದೊಡ್ಡ ಸಭೆ ಒಪ್ಪಿಸಿದ ಕೆಲಸ ಮಾಡುವ, ಅದಕ್ಕೇ ಉತ್ತರ ಹೇಳಬೇಕಾದ ಚಿಕ್ಕ ಗುಂಪು ಅದು. ಕಟ್ಟಡ ಸಮಿತಿ, ಗಣೇಶೋತ್ಸವ ಸಮಿತಿ ಎಲ್ಲ ಕಮಿಟಿಗಳೇ. ‘ಕೌನ್ಸಿಲ್’ಗೆ ‘ಪರಿಷತ್ತು’ ಹೊಂದುತ್ತದೆ. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ಲೆಜಿಸ್ಲೇಟಿವ್ ಕೌನ್ಸಿಲ್ ವಿಧಾನ ಪರಿಷತ್ತೇ. ಆದರೆ ಮರಾಠಿಯಲ್ಲಿ ‘ಪರಿಷದ್’ ಕಾನ್ಫರೆನ್ಸ್ ಕೂಡ ಹೌದು. ‘ಪತ್ರಕಾರ್ ಪರಿಷದ್’ ಎಂದರೆ ನಮ್ಮ ಪತ್ರಿಕಾಗೋಷ್ಠಿ. ಮರಾಠಿ ಕಾಗದದಿಂದ ಕನ್ನಡಕ್ಕೆ ತರುವಾಗ ಅದನ್ನು ಪತ್ರಕರ್ತರ ಪರಿಷತ್ತು ಮಾಡಿದರೆ ಇಲ್ಲದ ಸಂಸ್ಥೆಯೊಂದು ಹುಟ್ಟಿಕೊಳ್ಳುತ್ತದೆ. ‘ಸಂಘ’ವೂ ಹಾಗೆಯೇ. ಮರಾಠಿ ಪತ್ರಿಕೆಯ ಕ್ರೀಡಾಪುಟದಲ್ಲಿ ಭಾರತೀಯ ಸಂಘ ಎಂದರೆ ಭಾರತ ತಂಡ.

ಸಂಸ್ಥೆಯ ಹೆಸರನ್ನು ಮಾತ್ರ ಎಂದೂ ಅನುವಾದಿಸುವುದಿಲ್ಲ. ಮಾಟುಂಗದಲ್ಲಿರುವುದು ಮೈಸೂರು ಅಸೋಸಿಯೇಷನ್, ಮಾಹಿಮ್‌ನಲ್ಲಿರುವುದು ಕರ್ನಾಟಕ ಸಂಘ. ಅರ್ಥ ಒಂದೇ ಇದ್ದರೂ ನೋಂದಣಿಯಲ್ಲಿ ಹೇಗಿದೆಯೋ ಹಾಗೆ. ಚೆಕ್ ಮೇಲೆ ‘ಸಂಘ’ದ ಬದಲು ‘ಅಸೋಸಿಯೇಷನ್’ ಬಂದರೆ ಬ್ಯಾಂಕು ಹಿಂದಕ್ಕೆ ಕಳಿಸುತ್ತದೆ.

ಕರೆಯದೇ ಸೇರಿದ ಜನರ ಪದಗಳಿಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಸಂಜೆ ಆರಕ್ಕೆ ದಾದರ್ ಸೇತುವೆಯ ಮೇಲಿರುವುದು ಕ್ರೌಡ್, ನಮ್ಮ ಜನಸಂದಣಿ. ಹಳೆಯ ಇಂಗ್ಲಿಷಿನಲ್ಲಿ ಆ ಪದದ ಮೂಲ ‘ತಳ್ಳು, ಒತ್ತು’ ಎಂಬುದು, ಹಾಗಾಗಿ ‘ನೂಕುನುಗ್ಗಲು’ ಅದಕ್ಕೆ ಬಲು ಹತ್ತಿರ. ಮರಾಠಿಯ ‘ಗರ್ದಿ’ ಎಂದರೂ ಇಲ್ಲಿಯ ಕನ್ನಡಿಗರಿಗೆ ತಿಳಿಯುತ್ತದೆ. ಅದೇ ಜನ ನಾಟಕದ ಮುಂದೆ ಕೂತರೆ ಆಡಿಯೆನ್ಸ್, ಮೈದಾನದ ಸುತ್ತ ನಿಂತರೆ ಸ್ಪೆಕ್ಟೇಟರ್ಸ್, ಇಗರ್ಜಿಯಲ್ಲಿ ಪ್ರಾರ್ಥನೆಗೆ ಕೂಡಿದರೆ ಕಾಂಗ್ರಿಗೇಷನ್. ‘300 ಆಡಿಯೆನ್ಸಸ್ ಬಂದಿದ್ದರು’ ಎನ್ನುವುದು ತಪ್ಪು. ಸಭಿಕರೆಲ್ಲ ಸೇರಿ ಒಂದೇ ಆಡಿಯೆನ್ಸ್. ‘ಆ್ಯನ್ ಆಡಿಯೆನ್ಸ್ ಆಫ್ 300’ ಎಂದು ಬರೆಯಬೇಕು.

‘ಮಾಬ್’ ಪದವನ್ನು ವರದಿಯಲ್ಲಿ ಸುಮ್ಮನೆ ಬಳಸಬಾರದು ಎಂಬುದು ನನ್ನ ಗಟ್ಟಿ ನಿಲುವು. ಲ್ಯಾಟಿನ್‌ನ ‘ಮೊಬಿಲೆ ವುಲ್ಗುಸ್’, ಅಂದರೆ ಚಂಚಲ ಜನಸಮೂಹ, ಎಂಬುದನ್ನು ಕತ್ತರಿಸಿ ಆದದ್ದು ಆ ಪದ. ಅದರಲ್ಲಿ ದೊಂಬಿಯ ಆಪಾದನೆ ಸೇರಿಕೊಂಡಿದೆ. ಪ್ರವೇಶದ್ವಾರದಲ್ಲಿ ನೂಕಾಟ ಆಯಿತು ಎನ್ನುವುದಕ್ಕೆ ಪೊಲೀಸರಿಗೆ ಕೊಡುವ ಅರ್ಜಿಯಲ್ಲಿ ‘ಮಾಬ್’ ಬರೆದರೆ ನಮ್ಮ ಅತಿಥಿಗಳನ್ನು ನಾವೇ ಗಲಭೆಕೋರರು ಎಂದಂತೆ. ಕಾನೂನು ಕೂಡ ಪದವನ್ನು ಅಳೆದು ಇಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 189ನೆಯ ಕಲಮಿನಲ್ಲಿ ಐದು ಅಥವಾ ಹೆಚ್ಚು ಜನ ಅಲ್ಲಿ ಹೇಳಿದ ಉದ್ದೇಶಗಳಲ್ಲಿ ಒಂದನ್ನು ಸಮಾನವಾಗಿ ಹೊಂದಿದ್ದರೆ ಅದು ‘ಅಸೆಂಬ್ಲಿ’, ಆದರೆ ಕಾನೂನುಬಾಹಿರ. ಪತ್ರಿಕೆಗಳು ‘ಮಾಬ್ ಲಿಂಚಿಂಗ್’ ಎನ್ನುವ ಕೃತ್ಯಕ್ಕೆ ಅನ್ವಯಿಸುವ 103ನೆಯ ಕಲಮಿನ ಎರಡನೆಯ ಉಪಕಲಮು ಬಳಸಿದ್ದು ‘ಗ್ರೂಪ್’ ಎಂಬ ಸಪ್ಪೆ ಪದವನ್ನು. ಅಲ್ಲಿಯೂ ಐದು ಅಥವಾ ಹೆಚ್ಚು ಜನ, ಒಟ್ಟಾಗಿ ವರ್ತಿಸಿರಬೇಕು. ಅನುವಾದಿಸುವಾಗ ಮೊದಲನೆಯದಕ್ಕೆ ‘ಕೂಟ’, ಎರಡನೆಯದಕ್ಕೆ ‘ಗುಂಪು’ ಎಂದು ಬೇರೆಯಾಗಿಯೇ ಇಡುತ್ತೇನೆ.

ಅನುಮತಿಯ ಅರ್ಜಿಯಲ್ಲಿ ಮೆರವಣಿಗೆ ‘ಪ್ರೊಸೆಷನ್’, ಅದು ಚಲಿಸುತ್ತದೆ. ಹೊರಡುವ ಜಾಗ, ದಾರಿ, ತಲುಪುವ ಜಾಗ ಬರೆಯಬೇಕು. ‘ಪಬ್ಲಿಕ್ ಮೀಟಿಂಗ್’ ಒಂದೆಡೆ ನಿಲ್ಲುತ್ತದೆ. ಜಾಗ, ಹೊತ್ತು, ಅಂದಾಜು ಜನ ಸಾಕು. ‘ರ‍್ಯಾಲಿ’ ಎರಡೂ ಆಗಬಹುದಾದ್ದರಿಂದ ಅದನ್ನು ಬಿಟ್ಟೇಬಿಡುತ್ತೇನೆ. ಧ್ವನಿವರ್ಧಕ ಇದ್ದರೆ ಮುಕ್ತಾಯ ರಾತ್ರಿ 10ರೊಳಗೆ ಎಂದು ಸ್ಪಷ್ಟವಾಗಿ ಇರಬೇಕು.

ಯಕ್ಷಗಾನದ ‘ಮೇಳ’ ಬಂದಾಗ ಮರಾಠಿ-ಹಿಂದಿಯವರಿಗೆ ಅದು ಜಾತ್ರೆ ಎನಿಸುತ್ತದೆ. ಸಭಾಂಗಣದವರಿಗೆ ‘ಟ್ರೂಪ್’ ಎಂದು ಬರೆಯಬೇಕು, ಕಾಗುಣಿತ ಟಿ-ಆರ್-ಒ-ಯು-ಪಿ-ಇ. ಎರಡು ‘ಒ’ ಹಾಕಿ ‘ಪಿ’ಗೆ ನಿಲ್ಲಿಸಿದರೆ ಅದು ಸೈನಿಕರದ್ದೋ ಮಂಗಗಳದ್ದೋ ಪಡೆ.

ಹಣದ ಮಾತಿಗೆ ‘ಗ್ಯಾದರ್’ ಬಳಸುವುದಿಲ್ಲ. ಚದುರಿದ್ದನ್ನು ಒಟ್ಟುಮಾಡುವುದು ಗ್ಯಾದರ್. ಕೊಡಬೇಕಾದವರಿಂದ ಪಡೆಯುವುದು ಕಲೆಕ್ಟ್. ಕೇಳಿ ಹುಟ್ಟಿಸುವುದು ರೇಸ್ (raise). ಸದಸ್ಯತ್ವ ಶುಲ್ಕ ‘ಕಲೆಕ್ಟೆಡ್’, ಕಟ್ಟಡ ನಿಧಿ ‘ರೇಸ್ಡ್’. ವಾರ್ಷಿಕ ವರದಿಯಲ್ಲಿ ಇವೆರಡು ಅದಲುಬದಲಾದರೆ ಲೆಕ್ಕಪರಿಶೋಧಕರು ದೇಣಿಗೆಯ ರಸೀದಿ ಪುಸ್ತಕವನ್ನೂ ಶುಲ್ಕದ ರಸೀದಿ ಪುಸ್ತಕವನ್ನೂ ಎದುರಿಗಿಟ್ಟುಕೊಂಡು ಯಾವ ಮೊತ್ತ ಯಾವುದರದ್ದು ಎಂದು ಕೇಳುತ್ತಾರೆ.