ಮೊದಲು ಪಾಠ, ಆಮೇಲೆ ಅರ್ಥ, ಕೊನೆಗೆ ಧರ್ಮ: ಶ್ಲೋಕ ಹಿಡಿದು ಚರ್ಚೆಗೆ ಕೂರುವ ಕ್ರಮ

ಶಿರಸಿ ಸೀಮೆಯಲ್ಲಿ ವಾದ ಕೇಳಲು ಜನರಿಗೆ ಬರವಿಲ್ಲ. ಮಳೆಗಾಲದ ತಾಳಮದ್ದಳೆಗೆ ಬೆಳಗಿನವರೆಗೂ ಕೂರುವವರಿದ್ದಾರೆ. ಆದರೆ ಆ ಅಭ್ಯಾಸವನ್ನೇ ಧರ್ಮಗ್ರಂಥದ ಚರ್ಚೆಗೆ ತಂದರೆ ಕೆಲಸ ಕೆಡುತ್ತದೆ. ತಾಳಮದ್ದಳೆಯಲ್ಲಿ ಪಾತ್ರ ವಹಿಸಿ ವಾದಿಸುವ ಅರ್ಥಧಾರಿ ತನ್ನ ಪಾತ್ರವನ್ನು ಬಿಟ್ಟುಕೊಡುವಂತಿಲ್ಲ. ಇಲ್ಲಿ ಪುರಾವೆ ಎದುರಿಗೆ ಬಂದರೆ ಬಿಟ್ಟುಕೊಡಲೇಬೇಕು.

ಚರ್ಚೆ ದಾರಿ ತಪ್ಪುವುದು ಸಾಮಾನ್ಯವಾಗಿ ಹೀಗೆ. ಒಬ್ಬರು ಮನುಸ್ಮೃತಿಯ ‘ನ ಸ್ತ್ರೀ ಸ್ವಾತಂತ್ರ್ಯಮರ್ಹತಿ’ (9.3) ಎತ್ತುತ್ತಾರೆ. ‘ಅದು ಪ್ರಕ್ಷಿಪ್ತ’ ಎಂದು ಉತ್ತರ ಬರುತ್ತದೆ. ಆಧಾರ ಕೇಳಿದರೆ ‘ಅನುವಾದ ಸರಿಯಿಲ್ಲ’. ಅದಕ್ಕೂ ಆಧಾರ ಕೇಳಿದರೆ ‘ಆ ಕಾಲಕ್ಕೆ ಅದು ಸರಿಯಿತ್ತು’. ಈ ಮೂರೂ ಒಟ್ಟಿಗೆ ನಿಲ್ಲುವುದಿಲ್ಲ. ಯಾರೋ ನಡುವೆ ಸೇರಿಸಿದ ಶ್ಲೋಕವಾದರೆ ಅದನ್ನು ಸಮರ್ಥಿಸುವ ಕಷ್ಟವೇಕೆ? ಆದ್ದರಿಂದ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಡಿ: ಮೂಲದಲ್ಲಿದ್ದ ಮಾತು ಯಾವುದು (ಪಾಠ), ಅದು ಹೇಳುವುದೇನು (ಅರ್ಥ), ಅದು ಸರಿಯೇ (ಧರ್ಮ). ಒಂದು ಮುಗಿಯುವವರೆಗೆ ಮುಂದಿನದಕ್ಕೆ ಕೈ ಹಾಕಬೇಡಿ.

ಒಂದು ಬೈಠಕ್ಕಿಗೆ ಒಂದೇ ಶ್ಲೋಕ, ಎಂಟು ಜನ, ಎರಡು ತಾಸು ಸಾಕು. ಪಾಠಕ್ಕೆ 30 ನಿಮಿಷ, ಅರ್ಥಕ್ಕೆ 45, ಧರ್ಮಕ್ಕೆ 45. ಪ್ರತಿಯೊಬ್ಬರಿಗೂ ಒಂದು ಹಾಳೆ ಕೊಡಿ: ಮೂಲ, ಪದಚ್ಛೇದ (ಪದ ಬಿಡಿಸಿದ್ದು), ಅನ್ವಯ (ವಾಕ್ಯದ ಕ್ರಮಕ್ಕೆ ಜೋಡಿಸಿದ್ದು), ಒಂದಕ್ಕೊಂದು ಒಪ್ಪದ ಎರಡು ಅನುವಾದ, ಹಿಂದಿನ ಮುಂದಿನ ಐದೈದು ಶ್ಲೋಕ. ಈ ಕೊನೆಯದನ್ನು ಬಿಟ್ಟವರೇ ಹೆಚ್ಚು ಎಡವುತ್ತಾರೆ. ಏಕೆಂದು ಮುಂದೆ ಕಾಣುತ್ತದೆ.

ಪಾಠ

ಒಂದು ಶ್ಲೋಕ ಪ್ರಕ್ಷಿಪ್ತ ಎನ್ನಬೇಕಾದರೆ ಹಳೆಯ ಹಸ್ತಪ್ರತಿಗಳಲ್ಲಿ ಅದು ಇಲ್ಲದಿರಬೇಕು, ಇಲ್ಲವೇ ಪ್ರಾಚೀನ ವ್ಯಾಖ್ಯಾನಕಾರರು ಅದನ್ನು ಮುಟ್ಟದೆ ಮುಂದೆ ಹೋಗಿರಬೇಕು, ಇಲ್ಲವೇ ಅದನ್ನು ತೆಗೆದರೆ ಮಾತಿನ ಸರಣಿ ಸಲೀಸಾಗಿ ಕೂಡಿಕೊಳ್ಳಬೇಕು. ಮೂರನೆಯದೊಂದೇ ಇದ್ದರೆ ಅದು ಅನುಮಾನ, ಪುರಾವೆಯಲ್ಲ. ‘ಇಂಥದ್ದನ್ನು ಋಷಿಗಳು ಹೇಳಿರಲಾರರು’ ಎಂಬುದು ಅನುಮಾನವೂ ಅಲ್ಲ. ‘ಯತ್ರ ನಾರ್ಯಸ್ತು ಪೂಜ್ಯಂತೇ’ (ಮನು 3.56) ಎಂಬುದನ್ನು ಯಾವ ಕೋಲಿನಿಂದ ಅಳೆಯುತ್ತೀರೋ 9.3ಕ್ಕೂ ಅದೇ ಕೋಲು.

ಗ್ರಂಥ ಕೆಟ್ಟಿರಬಹುದು ಎಂದರೆ ಶ್ರದ್ಧೆಗೆ ಕುಂದು ಎಂದು ಯಾರಾದರೂ ನೊಂದುಕೊಂಡರೆ ಮಧ್ವಾಚಾರ್ಯರನ್ನು ತೋರಿಸಿ. ಮಹಾಭಾರತ ತಾತ್ಪರ್ಯ ನಿರ್ಣಯದ ಎರಡನೇ ಅಧ್ಯಾಯದಲ್ಲಿ ಅವರೇ ‘ಕ್ವಚಿದ್ ಗ್ರಂಥಾನ್ ಪ್ರಕ್ಷಿಪಂತಿ’ ಎನ್ನುತ್ತಾರೆ: ಕೆಲವೆಡೆ ಸೇರಿಸುತ್ತಾರೆ, ಕೆಲವೆಡೆ ಬಿಡುತ್ತಾರೆ, ಕೆಲವೆಡೆ ಹಿಂದುಮುಂದು ಮಾಡುತ್ತಾರೆ.

ಪುಣೆಯ ಭಂಡಾರಕರ ಸಂಸ್ಥೆ 1919ರಲ್ಲಿ ಕೈಗೆತ್ತಿಕೊಂಡು 1966ರಲ್ಲಿ ಮುಗಿಸಿದ, ಹಸ್ತಪ್ರತಿಗಳನ್ನು ಹೋಲಿಸಿ ಮಾಡಿದ ಮಹಾಭಾರತದ ಪರಿಷ್ಕರಣೆ ಒಳ್ಳೆಯ ಪಾಠಶಾಲೆ. ಸ್ವಯಂವರದಲ್ಲಿ ದ್ರೌಪದಿ ‘ಸೂತನನ್ನು ವರಿಸೆ’ ಎಂದು ಕರ್ಣನನ್ನು ತಿರಸ್ಕರಿಸುವ ಮಾತು ಅದರ ಮುಖ್ಯಪಾಠದಲ್ಲಿಲ್ಲ. ಏಕಲವ್ಯನ ಹೆಬ್ಬೆರಳು ಮಾತ್ರ ಅಲ್ಲೇ ಇದೆ. ಅಂದರೆ ಸಂಪಾದಕರು ಕಹಿಯಾದದ್ದನ್ನು ಹುಡುಕಿ ಕಿತ್ತುಹಾಕಿದ್ದಲ್ಲ, ಪ್ರತಿಗಳು ಹೇಳಿದಂತೆ ನಡೆದದ್ದು. ಹಾಗೆಂದು ಪರಿಷ್ಕೃತ ಪಾಠವೇ ವ್ಯಾಸರ ಕೈಬರಹ ಎನ್ನಬೇಡಿ. ಹಸ್ತಪ್ರತಿಗಳ ಮೂಲಕ ತಲುಪಬಹುದಾದಷ್ಟು ಹಿಂದಿನ ಪಾಠ, ಅಷ್ಟೇ.

ಒಂದು ಅಕ್ಷರ ಎಷ್ಟು ಅನರ್ಥ ಮಾಡಬಲ್ಲದು ಎಂಬುದಕ್ಕೆ ಋಗ್ವೇದ 10.18.7 ನೋಡಿ. ಸತ್ತವನ ಸುತ್ತ ನೆರೆದ ಮುತ್ತೈದೆಯರು ‘ಆ ರೋಹಂತು ಜನಯೋ ಯೋನಿಮಗ್ರೇ’, ಮೊದಲು ತಮ್ಮ ನೆಲೆಗೆ ಏರಲಿ ಎಂಬ ಮಂತ್ರ. ‘ಅಗ್ರೇ’ ಎಂಬುದನ್ನು ‘ಅಗ್ನೇಃ’ ಎಂದು ಓದಿ ಸತಿಪದ್ಧತಿಗೆ ವೇದದ ಆಧಾರ ತೋರಿಸಲಾಯಿತು. ಇಲ್ಲಿ ‘ಪ್ರಕ್ಷಿಪ್ತ’ದಂಥ ಊಹೆ ಬೇಕಿಲ್ಲ. ಗೋಕರ್ಣದಲ್ಲಿ ಪದಪಾಠ (ಮಂತ್ರವನ್ನು ಪದಪದವಾಗಿ ಬಿಡಿಸಿ ಹೇಳುವ ಕ್ರಮ) ಬಲ್ಲ ವೈದಿಕರಿಂದ ಹೇಳಿಸಿ: ‘ಯೋನಿಮ್, ಅಗ್ರೇ’. ಅದರ ಮುಂದಿನ ಮಂತ್ರವೇ ‘ಉದೀರ್ಷ್ವ ನಾರಿ’, ಏಳು, ಬದುಕಿರುವವರ ಲೋಕಕ್ಕೆ ಬಾ, ಎಂದು ವಿಧವೆಯನ್ನು ಕರೆಯುತ್ತದೆ. ಹಾಳೆಯಲ್ಲಿ ಮುಂದಿನ ಸಾಲುಗಳಿರಬೇಕು ಎಂದದ್ದು ಇದಕ್ಕೇ.

ಅರ್ಥ

ಶಿರಸಿ ಬಳಿಯ ಸೋಂದೆಯೊಂದರಲ್ಲೇ ಸ್ವರ್ಣವಲ್ಲಿಯ ಅದ್ವೈತ ಮಠವಿದೆ, ವಾದಿರಾಜರ ದ್ವೈತ ಮಠವಿದೆ, ವೇದವನ್ನು ಪ್ರಮಾಣವೆನ್ನದ ಜೈನ ಮಠವೂ ಇದೆ. ಛಾಂದೋಗ್ಯದ ‘ಸ ಆತ್ಮಾತತ್ತ್ವಮಸಿ’ಯನ್ನು ಅದ್ವೈತಿಗಳು ‘ತತ್ ತ್ವಮ್ ಅಸಿ’, ನೀನು ಅದೇ, ಎಂದು ಬಿಡಿಸುತ್ತಾರೆ. ಮಧ್ವರು ‘ಅತತ್ ತ್ವಮ್ ಅಸಿ’, ನೀನು ಅದಲ್ಲ, ಎನ್ನುತ್ತಾರೆ. ಸಂಧಿಯಲ್ಲಿ ಎರಡಕ್ಕೂ ಅದೇ ಅಕ್ಷರ. ಆದ್ದರಿಂದ ‘ಮೂಲದಲ್ಲೇ ಇದೆ’ ಎಂದರೆ ವಾದ ಮುಗಿಯುವುದಿಲ್ಲ. ಉಪಕ್ರಮ-ಉಪಸಂಹಾರ (ಆರಂಭ-ಮುಕ್ತಾಯ), ಅಭ್ಯಾಸ (ಮತ್ತೆ ಮತ್ತೆ ಹೇಳುವುದು) ಮುಂತಾದ ಮೀಮಾಂಸೆಯ ತಾತ್ಪರ್ಯಲಿಂಗಗಳು, ಅಂದರೆ ಅರ್ಥ ನಿರ್ಣಯಿಸುವ ಗುರುತುಗಳು, ಇರುವುದೇ ಇಂಥಲ್ಲಿ ತೂಗುವುದಕ್ಕೆ.

ಅನುವಾದಕನ ಅಧಿಕಾರ ಅವನ ಹೆಸರಿನಲ್ಲಿಲ್ಲ, ಅವನು ಕೊಡುವ ಕಾರಣದಲ್ಲಿದೆ. ಮೂಲದಿಂದ ಮಾಡಿದ್ದೋ ಇಂಗ್ಲಿಷಿನಿಂದಲೋ? ಯಾವ ವ್ಯಾಖ್ಯಾನ ಹಿಡಿದದ್ದು? ತಾನು ಸೇರಿಸಿದ ಪದಗಳನ್ನು ಆವರಣದಲ್ಲಿ ಹಾಕಿದ್ದಾನೆಯೇ? ವಿಲಿಯಂ ಜೋನ್ಸರ 1794ರ ಮನುಸ್ಮೃತಿಯ ಇಂಗ್ಲಿಷ್ ಅನುವಾದ ಕುಲ್ಲೂಕಭಟ್ಟನ ವ್ಯಾಖ್ಯಾನವನ್ನು ಹಿಡಿದು ನಡೆದದ್ದು. ಅದನ್ನು ಉದ್ಧರಿಸುವವರಿಗೆ ಇಷ್ಟು ಗೊತ್ತಿರಬೇಕು.

ಗೀತೆ 9.32 ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ‘ಯೇಽಪಿ ಸ್ಯುಃ ಪಾಪಯೋನಯಃ, ಸ್ತ್ರಿಯೋ ವೈಶ್ಯಾಸ್ತಥಾ ಶೂದ್ರಾಃ’: ಪಾಪಯೋನಿಗಳಾದವರು, ಸ್ತ್ರೀಯರು, ವೈಶ್ಯರು, ಶೂದ್ರರು, ನನ್ನನ್ನು ಆಶ್ರಯಿಸಿದರೆ ‘ತೇಽಪಿ’ ಪರಮಗತಿ ಪಡೆಯುತ್ತಾರೆ ಎಂಬ ಮಾತು. ಪಾಪಯೋನಿಗಳು ಯಾರೆಂದು ಕೇಳಿಕೊಂಡು ಶಂಕರರು ಸ್ತ್ರೀಯರು, ವೈಶ್ಯರು, ಶೂದ್ರರು ಎಂದೇ ಉತ್ತರ ಕೊಡುತ್ತಾರೆ. ಪಾಪಯೋನಿಗಳು ಬೇರೆ, ಈ ಮೂವರು ಬೇರೆ ಎಂದು ಬಿಡಿಸಿದವರೂ ಇದ್ದಾರೆ. ವ್ಯಾಕರಣ ಎರಡನ್ನೂ ತಡೆಯುವುದಿಲ್ಲ. ಆದರೆ ಎರಡನೆಯ ದಾರಿ ಹಿಡಿದರೂ ‘ತೇಽಪಿ’, ‘ಅವರೂ’, ಎಂಬ ಮಾತು ಉಳಿಯುತ್ತದೆ. ಮುಂದಿನ ಶ್ಲೋಕ ‘ಕಿಂ ಪುನರ್ಬ್ರಾಹ್ಮಣಾಃ ಪುಣ್ಯಾಃ’, ಇನ್ನು ಪುಣ್ಯವಂತ ಬ್ರಾಹ್ಮಣರ ಮಾತೇನು, ಎನ್ನುತ್ತದೆ. ಅನುವಾದ ಬದಲಿಸಿ ಮುಳ್ಳನ್ನು ಅರ್ಧ ಮಾತ್ರ ಕೀಳಬಹುದು. ಉಳಿದರ್ಧವನ್ನು ಮುಂದಿನ ಪ್ರಶ್ನೆಗೆ ಒಪ್ಪಿಸಿ.

ಕಾರವಾರದ ಕ್ರೈಸ್ತರು, ಭಟ್ಕಳದ ಮುಸ್ಲಿಮರು ಕೂತಿದ್ದರೆ ಕ್ರಮ ಇದೇ, ನಿಯಮ ಇನ್ನೊಂದು ಸೇರಲಿ: ಕಷ್ಟದ ಭಾಗವನ್ನು ಅವರವರ ಗ್ರಂಥದಿಂದ ಅವರವರೇ ತರಬೇಕು. ಯೋಹಾನನ ಸುವಾರ್ತೆಯ ವ್ಯಭಿಚಾರಿಣಿಯ ಪ್ರಸಂಗ ಅತಿ ಹಳೆಯ ಪ್ರತಿಗಳಲ್ಲಿಲ್ಲ. ಅದು ಪಾಠದ ಪ್ರಶ್ನೆ. ಕುರಾನಿನ 4:34ರಲ್ಲಿ ‘ದರಬ’ ಧಾತುವಿಗೆ ಹೊಡೆ ಎಂದೋ ದೂರ ಸರಿ ಎಂದೋ ಎಂಬುದು ಅರ್ಥದ ಪ್ರಶ್ನೆ.

ಧರ್ಮ

ಮೊದಲು ಕಥೆಯೋ ವಿಧಿಯೋ ನೋಡಿ. ಏಕಲವ್ಯನದು ನಡೆದದ್ದರ ವರ್ಣನೆ, 9.3 ಹೀಗಿರಬೇಕೆಂಬ ಕಟ್ಟಳೆ. ಎರಡಕ್ಕೂ ಒಂದೇ ಸಮಾಧಾನ ಹೊಂದದು. ‘ಆ ಕಾಲಕ್ಕೆ ಸರಿ’ ಎಂದವರನ್ನು ಯಾರಿಗೆ ಸರಿ ಎಂದು ಕೇಳಿ. ದ್ವಿಜರನ್ನು ನಿಂದಿಸಿದ ಶೂದ್ರನ ನಾಲಗೆ ಕತ್ತರಿಸಬೇಕೆನ್ನುವ ಮನು 8.270 ಆ ಕಾಲದ ಶೂದ್ರನಿಗೂ ಸರಿಯಾಗಿರಲಿಲ್ಲ.

ಶಾಸ್ತ್ರದೊಳಗೇ ಒಂದು ಬಾಗಿಲಿದೆ. ಮನು 4.176 ಲೋಕ ನಿಂದಿಸುವ ಧರ್ಮವನ್ನೂ ಬಿಡಬೇಕು ಎನ್ನುತ್ತದೆ. ಅದನ್ನು ಬಳಸಿ, ಆದರೆ ಬೆಲೆ ತಿಳಿದು ಬಳಸಿ: ಬಿಡಬೇಕಾದದ್ದು ಗ್ರಂಥದಲ್ಲಿದೆ ಎಂದು ಒಪ್ಪಿದ ಮೇಲೇ ಆ ಬಾಗಿಲು ತೆರೆಯುವುದು.

ಶ್ಲೋಕ ಯಾರನ್ನು ಕೀಳಾಗಿಸುತ್ತದೋ ಅವರು ಕೋಣೆಯಲ್ಲಿದ್ದರೆ ಮೊದಲ ಮಾತಿನ ಅವಕಾಶ ಅವರದು. ಮಾತಾಡಲೇಬೇಕೆಂಬ ಒತ್ತಾಯ ಬೇಡ. ಅಂಥ ಸಾಲನ್ನು ರಾಗವಾಗಿ ಹಾಡಿ ತೋರಿಸುವುದೂ ಬೇಡ. ಹಾಳೆಯಲ್ಲಿ ಎಲ್ಲರೂ ಓದಿಕೊಳ್ಳಲಿ.

ಕೊನೆಯ ಐದು ನಿಮಿಷ ಬರವಣಿಗೆಗೆ ಇಡಿ. ಪುಸ್ತಕದಲ್ಲಿ ಪಾಠ, ಅರ್ಥ, ಧರ್ಮ ಎಂದು ಮೂರು ಅಂಕಣ. ಒಪ್ಪಿದ್ದು, ಒಪ್ಪದ್ದು, ಬೇಕಾದ ಪುರಾವೆ, ಮುಂದಿನ ಬಾರಿ ಅದನ್ನು ತರುವವರ ಹೆಸರು. ತೀರದಿದ್ದರೆ ‘ತೀರಿಲ್ಲ’ ಎಂದೇ ಬರೆಯಿರಿ.